ಬಚ್ಚಲ ಮರದ ಬೇರು

ವೈಶಾಖದ ಕೊನೆಯ ಮಂಗಳವಾರ, ಬೆಳಗ್ಗೆ ಆರೂವರೆ. ಮನೆಯ ಹಿಂದಿನ ತೋಟದಲ್ಲಿ ನಾಲ್ಕು ಜನ ಇದ್ದೆವು: ನಾನು, ನನ್ನ ತಮ್ಮ ನಂಜುಂಡಪ್ಪ, ಅವನ ಮಗ ಶಿವಕುಮಾರ, ಮತ್ತು ಮರಗಳ ಬೇರಿಗೆ ಹುಳುವಿನ ಔಷಧಿ ಕಟ್ಟಲು ಬಂದಿದ್ದ ರಂಗಸ್ವಾಮಿ. ಶಿವಕುಮಾರನ ಹೆಂಡತಿ ಮಮತಾ ಜ್ವರ ಬಂದು ಒಳಗೆ ಮಲಗಿದ್ದಳು. ನನ್ನ ತಮ್ಮನ ಹೆಂಡತಿ ಗೌರಮ್ಮ ಅವಳಿಗೆ ಗಂಜಿ ಕಾಯಿಸುತ್ತಿದ್ದಳು.

ಇದು ಕೆಲವು ವರ್ಷಗಳ ಹಿಂದಿನ ಮಾತು. ಈಗ ಬರೆಯಲು ಕಾರಣವಿದೆ. ಈ ವಾರ ಪಕ್ಕದ ತೋಟದವರು ಮತ್ತೆ ಔಷಧಿ ಕಟ್ಟಿಸುತ್ತಿದ್ದಾರೆ. ಬೆಳಗ್ಗೆ ಐದಕ್ಕೆ ಎದ್ದು ಕಿಟಕಿ ತೆಗೆದರೆ ಸಾಕು, ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆ ಒಳಗೆ ಬರುತ್ತದೆ. ಎರಡು ದಿನ ಕಿಟಕಿ ಮುಚ್ಚಿ ನೋಡಿದೆ. ಮೂರನೆಯ ದಿನ ಕುಳಿತು ಬರೆದುಬಿಡುವುದೇ ಸರಿ ಎನ್ನಿಸಿತು.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ದಾದಿಯಾಗಿದ್ದವಳು. ಮದುವೆಯಾಗಲಿಲ್ಲ. ನಿವೃತ್ತಳಾದ ಮೇಲೆ ಹೊನ್ನವಳ್ಳಿಯ ಹತ್ತಿರದ ಈ ಊರಿನಲ್ಲಿ, ತಮ್ಮನ ಮನೆಯಲ್ಲಿದ್ದೇನೆ. ಊರಿಗೆ ನರ್ಸಮ್ಮ, ಮನೆಯ ಮಕ್ಕಳಿಗೆ ದೊಡ್ಡತ್ತೆ. ವಾರ್ಡಿನಲ್ಲಿ ಕಲಿತದ್ದನ್ನು ಮನೆಯಲ್ಲಿಯೂ ಬಿಟ್ಟಿಲ್ಲ. ಇಂಥ ಹೊತ್ತಿಗೆ ಇಂಥ ಕೆಲಸ, ಒಂದು ಮುಗಿದ ಮೇಲೆ ಇನ್ನೊಂದು.

ಆ ವರ್ಷ ನಮ್ಮ ಕಡೆ ಕಪ್ಪುತಲೆ ಹುಳುವಿನ ಕಾಟ. ಈ ಹುಳು ತೆಂಗಿನ ಗರಿಯ ಅಡಿಯಲ್ಲಿ ಬಲೆ ಕಟ್ಟಿಕೊಂಡು ಹಸಿರನ್ನೆಲ್ಲ ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ತೋಟಕ್ಕೆ ಯಾರೋ ಬೆಂಕಿ ಹಚ್ಚಿ ಆರಿಸಿದ ಹಾಗೆ ಕಾಣುತ್ತದೆ. ಅಷ್ಟೆತ್ತರದ ಮರಕ್ಕೆ ಔಷಧಿ ಸಿಂಪಡಿಸುವುದು ಆಗದ ಕೆಲಸ. ಅದಕ್ಕೆ ಇಲ್ಲಿಯವರು ಬೇರಿಗೆ ಕಟ್ಟುತ್ತಾರೆ. ಬುಡದಿಂದ ಎರಡು ಮೂರು ಅಡಿ ದೂರ ಅಗೆದು, ಪೆನ್ಸಿಲ್ ದಪ್ಪದ ಒಂದು ಎಳೆಯ ಕೆಂಪು ಬೇರನ್ನು ಹುಡುಕಿ, ಓರೆಯಾಗಿ ಕತ್ತರಿಸಿ, ಔಷಧಿ ತುಂಬಿದ ಸಣ್ಣ ಪ್ಲಾಸ್ಟಿಕ್ ಚೀಲದೊಳಗೆ ಅದರ ತುದಿಯನ್ನು ಇಳಿಬಿಟ್ಟು ದಾರದಿಂದ ಬಿಗಿಯುತ್ತಾರೆ. ಮರ ಒಂದು ಹಗಲು ಒಂದು ರಾತ್ರಿಯಲ್ಲಿ ಅಷ್ಟನ್ನೂ ಹೀರಿಕೊಳ್ಳುತ್ತದೆ. ಗರಿ ತಿಂದ ಹುಳು ಸಾಯುತ್ತದೆ. ಆಮೇಲೆ ಒಂದೂವರೆ ತಿಂಗಳು ಆ ಮರದ ಕಾಯಿ, ಎಳನೀರು ಯಾವುದನ್ನೂ ಮುಟ್ಟಬಾರದು. ಇದು ಎಲ್ಲರಿಗೂ ಗೊತ್ತಿರುವ ನಿಯಮ. ನಮ್ಮ ಮನೆಯಲ್ಲಿ ಅದನ್ನು ಮುರಿಯುವವರು ಯಾರೂ ಇರಲಿಲ್ಲ.

ಒಂದು ಮರವನ್ನು ಮಾತ್ರ ಕಟ್ಟದೆ ಬಿಡುವ ರೂಢಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದು ಬಚ್ಚಲ ಮರ. ಬಚ್ಚಲಿನ ನೀರು ಹರಿದುಹೋಗುವ ಕಡೆ ನೆಟ್ಟದ್ದು. ವರ್ಷವಿಡೀ ನೀರು ಕುಡಿದು ಗೊನೆ ಗೊನೆ ಕಾಯಿ ಹೊರುತ್ತದೆ. ಮನೆಯವರ ಎಳನೀರು, ಮನೆಯವರ ಚಟ್ನಿಯ ಕಾಯಿ ಎಲ್ಲ ಅದರದೇ.

ರಂಗಸ್ವಾಮಿ ಆ ಕಡೆ ಹೋಗುವುದನ್ನು ನೋಡಿ ಗೌರಮ್ಮ ಅಡುಗೆಮನೆಯ ಬಾಗಿಲಿನಿಂದಲೇ ಕೂಗಿದಳು. "ಏ ರಂಗ, ಆ ಮರ ಒಂದನ್ನ ಮುಟ್ಬೇಡ ಕಣಪ್ಪ. ಮಗೀಗೆ ಜ್ವರ ಬಂದದೆ, ಎಳ್ನೀರಿಗೆ ಇನ್ನೆಲ್ಲಿಗೆ ಹೋಗಾನ?"

"ನಂಗೊತ್ತಿಲ್ವಾ ಬುಡಕ್ಕ. ನಿಮ್ಮ ಮನೆ ಬಚ್ಚಲು ಮರ ಮುಟ್ಟಿ ನಿಮ್ಮ ಕೈಲಿ ಪರಕೆ ಏಟು ತಿನ್ನಕೆ ನಂಗೇನು ಬುದ್ಧಿ ಕೆಟ್ಟದಾ?" ಎಂದು ಅವನು ಬಚ್ಚಲ ಮರದ ಪಕ್ಕದ ಮರದ ಬುಡ ಅಗೆಯತೊಡಗಿದ. ಎರಡು ಮರಗಳ ನಡುವೆ ಅಂತರ ಕಡಿಮೆ. ನಮ್ಮ ಅಪ್ಪ ನೆಡುವಾಗ ಹಿತ್ತಿಲಿನ ಜಾಗ ಅಷ್ಟೇ ಇತ್ತು.

ಮಾರನೆಯ ದಿನ ಅವನು ಚೀಲಗಳನ್ನು ನೋಡಲು ಬಂದ. ಕೆಲವು ಅರ್ಧ ಖಾಲಿಯಾಗಿದ್ದವು. ಪಕ್ಕದ ಮರಕ್ಕೆ ಕಟ್ಟಿದ್ದ ಚೀಲದಲ್ಲಿ ಒಂದು ತೊಟ್ಟೂ ಇರಲಿಲ್ಲ. "ಸಂತೆ ಮುಗಿಸ್ಕೊಂಡು ಬಂದ ನಮ್ಮ ಮಾವ ಕುಡ್ದಂಗೆ ಕುಡ್ದದೆ ನೋಡಿ," ಎಂದು ನಕ್ಕ. ನಾವೂ ನಕ್ಕೆವು. ಮರ ಚೆನ್ನಾಗಿ ಹೀರಿದರೆ ಒಳ್ಳೆಯದೇ ಅಲ್ಲವೇ?

ಮಮತಾಗೆ ಬಂದಿದ್ದು ಆ ಬೇಸಿಗೆಯಲ್ಲಿ ಮಳೆಯಾದ ಮೇಲೆ ಊರೆಲ್ಲ ಹರಡಿದ್ದ ಕೀಲುನೋವಿನ ಜ್ವರ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಾಯಸಂದ್ರದ ಹುಡುಗಿ. ತೆಳ್ಳಗಿದ್ದಳು, ಮಾತು ಕಡಿಮೆ, ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಅನ್ನ ಸೇರುತ್ತಿರಲಿಲ್ಲ. ಗುರುವಾರ ಶಿವಕುಮಾರ ತಾನೇ ಬಚ್ಚಲ ಮರ ಹತ್ತಿ ಎರಡು ಗೊನೆ ಇಳಿಸಿದ. ಹೊತ್ತಿಗೊಂದರಂತೆ ಕೊಚ್ಚಿ ಕೊಟ್ಟ. ಶೀತವಾಗುತ್ತದೆಂದು ಉಳಿದವರು ಯಾರೂ ಕುಡಿಯಲಿಲ್ಲ. ಅಲ್ಲದೆ ಅದು ಅವಳಿಗೆಂದು ಇಳಿಸಿದ್ದು. ಚಟ್ನಿಗೆ ಮೊದಲೇ ಇಳಿಸಿಟ್ಟ ಕಾಯಿ ಮನೆಯಲ್ಲಿ ಸಾಕಷ್ಟಿತ್ತು.

ಶನಿವಾರ ಬೆಳಗ್ಗೆ ನಾನು ಥರ್ಮಾಮೀಟರ್ ಹಿಡಿದು ಅವಳ ಕೋಣೆಗೆ ಹೋದೆ. ಜ್ವರ ಇಳಿದಿತ್ತು. ಆದರೆ ದಿಂಬು ಬೆವರಿನಿಂದ ತೊಯ್ದಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ರಾತ್ರಿಯಿಂದ ವಾಂತಿ ಎಂದಳು. ಕಿಟಕಿಯ ಬಾಗಿಲು ತೆರೆದು ಬೆಳಕಿನಲ್ಲಿ ಅವಳ ಕಣ್ಣು ನೋಡಿದೆ. ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಆ ಕಣ್ಣನ್ನು ನಾನು ವಾರ್ಡಿನಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಹೊಲಕ್ಕೆ ತಂದ ಔಷಧಿಯನ್ನು ಕುಡಿದವರ ಕಣ್ಣು ಅದು.

"ಮಮತಾ, ಏನು ಕುಡಿದೆ?"

"ಎಳ್ನೀರು, ದೊಡ್ಡತ್ತೆ."

"ಎಳನೀರು ಬಿಟ್ಟು?"

"ಗಂಜಿ."

ಎರಡು ಸಲವೂ ಅವಳು ನನ್ನ ಮುಖ ನೋಡಿಯೇ ಉತ್ತರ ಹೇಳಿದಳು. ಹೆಚ್ಚು ಕೇಳಲು ಹೊತ್ತಿರಲಿಲ್ಲ. ಶಿವಕುಮಾರನನ್ನು ಕೂಗಿ ಕಾರು ತರಿಸಿ ತಿಪಟೂರಿಗೆ ಕರೆದುಕೊಂಡು ಹೋದೆವು.

ಆಸ್ಪತ್ರೆಯಲ್ಲಿ ನಡೆಯಬೇಕಾದದ್ದು ನಡೆಯಿತು. ಮೂಗಿನೊಳಗೆ ನಳಿಕೆ ಇಳಿಸಿ ಹೊಟ್ಟೆ ತೊಳೆದರು. ಪಾಪೆ ಹಿಗ್ಗುವ ತನಕ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಡಾಕ್ಟರು ಚಿಕ್ಕ ವಯಸ್ಸಿನವರು, ಕೆಲಸದಲ್ಲಿ ಚುರುಕು. ನಾನು ಅವರಿಗೆ ಒಂದು ವಿಷಯ ಹೇಳಿದೆ. ಔಷಧಿ ಕುಡಿದವರ ಬಾಯಿಂದ, ಬಟ್ಟೆಯಿಂದ ಆ ವಾಸನೆ ಬಂದೇ ಬರುತ್ತದೆ. ಇವಳಿಂದ ಬರುತ್ತಿಲ್ಲ. ಕುಡಿದಿಲ್ಲ ಎಂದು ಇವಳೂ ಹೇಳುತ್ತಿದ್ದಾಳೆ.

"ರಾತ್ರಿಯಿಂದ ವಾಂತಿ ಮಾಡಿದ್ದಾರಲ್ಲ ಸಿಸ್ಟರ್, ವಾಸನೆ ಹೋಗಿರಬಹುದು. ಹೇಗೆ ಒಳಗೆ ಹೋಯಿತು ಅನ್ನೋದು ನನಗೆ ಗೊತ್ತಿಲ್ಲ. ಏನು ಹೋಗಿದೆ ಅನ್ನೋದು ಗೊತ್ತು. ನಾನು ಅದನ್ನು ಬರೀಲೇಬೇಕು," ಎಂದರು. ಅದೂ ಸರಿಯೇ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಬರೆಯುತ್ತಿದ್ದರು. ವಿಷ ಸೇವನೆ ಎಂದು ಬರೆದ ಮೇಲೆ ಠಾಣೆಗೆ ಸುದ್ದಿ ಹೋಗುವುದೂ ನಿಯಮ. ಮಧ್ಯಾಹ್ನ ಒಬ್ಬ ಪೊಲೀಸಿನವನು ಬಂದು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತ.

"ಏನಮ್ಮಾ, ಗಂಡ ಹೊಡೀತಾನಾ?"

"ಇಲ್ಲ."

"ಅತ್ತೆ?"

"ಇಲ್ಲ."

"ಮತ್ಯಾಕಮ್ಮ ಕುಡಿದೆ?"

"ನಾನು ಕುಡಿದಿಲ್ಲ ಸಾರ್."

ಅಷ್ಟರಲ್ಲಿ ಅವಳ ಅಪ್ಪ ಸಿದ್ಧಲಿಂಗಪ್ಪ ಮಾಯಸಂದ್ರದಿಂದ ಬಂದರು. ಅಲ್ಲಿ ಅವರದೊಂದು ಸಣ್ಣ ದಿನಸಿ ಅಂಗಡಿ. ಬಾಗಿಲಲ್ಲೇ ನಿಂತು ನನ್ನ ತಮ್ಮನ ಕಡೆ ಕೈ ತೋರಿಸಿ, "ಏನ್ ಕಷ್ಟ ಕೊಟ್ರಿ ನನ್ನ ಮಗೀಗೆ? ಹೇಳ್ರೀ. ಇರುವೆ ಕಂಡ್ರೂ ಹೆದರೋಳು, ವಿಷ ಕುಡಿಯೋಂಗೆ ಏನ್ ಮಾಡಿದ್ರಿ?" ಎಂದು ಕೂಗಿದರು.

"ಅಪ್ಪಾಜಿ, ನಾನು ಕುಡಿದಿಲ್ಲ," ಎಂದಳು ಮಮತಾ. ನಳಿಕೆ ಇದ್ದುದರಿಂದ ಮಾತು ಸರಿಯಾಗಿ ಹೊರಡಲಿಲ್ಲ.

"ನೀನು ಸುಮ್ನಿರವ್ವ. ಇವರ ಮಾನ ಕಾಯೋಕೆ ನೀನು ಸುಳ್ಳು ಹೇಳೋದು ಬ್ಯಾಡ," ಎಂದರು ಅವರು, ಅಳುತ್ತ.

ಅವಳಿಗೆ ಬಂದೊದಗಿದ ಸ್ಥಿತಿ ಇದು. ಅವಳು ಕುಡಿದಿಲ್ಲ ಎಂಬುದನ್ನು ಎರಡು ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ; ವಾಸನೆಯ ಮಾತು ಎತ್ತಿದ ನನಗೂ ಬೇರೆ ಕಾರಣ ಹೊಳೆಯಲಿಲ್ಲ. ತವರಿನವರ ಲೆಕ್ಕದಲ್ಲಿ ನಾವು ಹಿಂಸೆ ಕೊಟ್ಟು ಕುಡಿಸಿದವರು. ನಮ್ಮ ಮನೆಯವರ ಲೆಕ್ಕದಲ್ಲಿ ಅವಳ ಮನಸ್ಸಿನಲ್ಲಿ ಮದುವೆಗೆ ಮೊದಲಿನದು ಏನೋ ಇತ್ತು. ಔಷಧಿಯ ಡಬ್ಬ ಕೊಟ್ಟಿಗೆಯ ಗೂಡಿನಲ್ಲಿತ್ತು. ಮರಗಳಿಗೆ ಕಟ್ಟಿದ ಮೇಲೆ ಅದರಲ್ಲಿ ಎಷ್ಟು ಉಳಿದಿತ್ತು ಎಂಬುದು ಯಾರಿಗೂ ನೆನಪಿರಲಿಲ್ಲ. ನೆನಪಿಲ್ಲದ್ದೇ ಸಾಕ್ಷಿಯಾಯಿತು.

ಮೂರನೆಯ ದಿನದ ಹೊತ್ತಿಗೆ ಚೇತರಿಸಿಕೊಂಡಳು. ನಳಿಕೆ ತೆಗೆದರು. ನೀರಿನಂಥದ್ದು ಏನಾದರೂ ಕೊಡಬಹುದು ಎಂದರು. ಶಿವಕುಮಾರ ಬೈಕಿನಲ್ಲಿ ಊರಿಗೆ ಹೋಗಿ ಉಳಿದಿದ್ದ ಎಳನೀರನ್ನೆಲ್ಲ ಚೀಲದಲ್ಲಿ ತಂದ. ಅವನು ಸಿಟ್ಟಿನಲ್ಲಿದ್ದ, ಆದರೂ ತಂದ. ಕೈಯಾರೆ ಕುಡಿಸಿದ. ಅವಳು ಅವನ ಮಣಿಕಟ್ಟು ಹಿಡಿದುಕೊಂಡು ಕುಡಿದಳು. ಆಸ್ಪತ್ರೆಯ ಆ ದಿನಗಳಲ್ಲಿ ಅವರಿಬ್ಬರು ಹತ್ತಿರ ಬಂದದ್ದು ಅದೊಂದೇ ಸಲ.

ಸಂಜೆಗೆ ಮತ್ತೆ ಬೆವರು, ಮತ್ತೆ ಜೊಲ್ಲು, ಮತ್ತೆ ಸಾಸಿವೆ ಕಾಳಿನ ಕಣ್ಣು.

ಕೆಲವು ವಿಷಗಳು ದೇಹದ ಕೊಬ್ಬಿನಲ್ಲಿ ಅಡಗಿದ್ದು ಹೀಗೆ ಮರುಕಳಿಸುವುದುಂಟು ಎಂದು ಡಾಕ್ಟರು ಹೇಳಿದರು. ಪುಸ್ತಕದಲ್ಲಿ ಇರುವುದೂ ಹಾಗೆಯೇ. ಆದರೆ ಗೌರಮ್ಮನಿಗೆ ಬೇರೆಯೇ ಕಂಡಿತು. "ಇಲ್ಲೇ ಎಲ್ಲೋ ಬಚ್ಚಿಟ್ಕೊಂಡವ್ಳೆ ಕಣ್ಲಾ ಶಿವ, ನೋಡ್ಲಾ," ಎಂದಳು. ಶಿವಕುಮಾರ ಮಮತಾಳ ಬ್ಯಾಗು ಸುರಿದ. ಬಾಚಣಿಗೆ, ಒಂದು ಸೀರೆ, ಸೂಜಿ ದಾರದ ಡಬ್ಬಿ ಬಿದ್ದವು. ಗೌರಮ್ಮ ದಿಂಬಿನ ಚೀಲ ಕಳಚಿ ನೋಡಿದಳು. ಕೊನೆಗೆ ಅವಳ ಸೆರಗಿನ ಗಂಟನ್ನೂ ಬಿಚ್ಚಿದಳು. ಸಾಕು ನಿಲ್ಲಿಸು ಎಂದು ನಾನು ಗೌರಮ್ಮನ ಕೈ ಹಿಡಿದು ಎಳೆದೆ. ಅಲ್ಲಿಂದ ಮುಂದೆ ತಾನು ಕುಡಿದಿಲ್ಲ ಎಂದು ಮಮತಾ ಯಾರಿಗೂ ಹೇಳಲಿಲ್ಲ. ಅದನ್ನೂ ಒಪ್ಪಿಗೆ ಎಂದುಕೊಂಡರು.

ಬದುಕಿಕೊಂಡಳು. ಬಿಡುಗಡೆಯ ದಿನ ಸಿದ್ಧಲಿಂಗಪ್ಪ ಮಗಳನ್ನು ನೇರವಾಗಿ ಮಾಯಸಂದ್ರಕ್ಕೆ ಕರೆದುಕೊಂಡು ಹೋದರು. ಯಾರೂ ತಡೆಯಲಿಲ್ಲ.

ಆಷಾಢ ಬರುವುದರಲ್ಲಿತ್ತು. ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋಗುವುದು ವಾಡಿಕೆ. ಕೇಳಿದವರಿಗೆಲ್ಲ ಗೌರಮ್ಮ ಅದನ್ನೇ ಹೇಳಿದಳು. ಶ್ರಾವಣ ಬಂದ ಮೇಲೆ ಹೇಳಲು ಏನೂ ಉಳಿಯಲಿಲ್ಲ. ಬೀದಿಯ ತುದಿಯ ಮನೆಯ ಪುಟ್ಟತಾಯಮ್ಮ ನಲ್ಲಿಯ ಹತ್ತಿರ, "ಅಯ್ಯೋ ಅದು ಕುಡ್ಕೊಂಡಿದ್ದ ಕೇಸು ಕಣೇ. ಯಾವನ್ನೋ ಮನಸಲ್ಲಿಟ್ಕೊಂಡಿದ್ಲಂತೆ," ಎಂದದ್ದು ನಮ್ಮ ಕಿವಿಗೂ ಬಿತ್ತು. ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಬೋರನಕಣಿವೆಯ ಅಣೆಕಟ್ಟೆಗೆ ನೀರು ಬಂತು ಎಂದು ಜನ ನೋಡಲು ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಶಿವಕುಮಾರ ಬೆಳಗ್ಗೆ ತಿಪಟೂರಿನ ಕೊಬ್ಬರಿ ಮಂಡಿಯ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಅವಳ ಹೊಲಿಗೆ ಯಂತ್ರದ ಮೇಲೆ ಗೌರಮ್ಮ ಒಂದು ಹಳೆಯ ಬೆಡ್‌ಶೀಟು ಹೊದಿಸಿದಳು.

ಕಾರ್ತೀಕ ಮಾಸದ ಒಂದು ಬೆಳಗ್ಗೆ. ಬಚ್ಚಲ ಒಲೆಗೆ ಸೋಗೆ ತರಲು ಹಿತ್ತಿಲಿಗೆ ಹೋದವಳು ತಲೆ ಎತ್ತಿ ನೋಡಿದೆ. ತೆಂಗಿನ ಮರ ತಿಂಗಳಿಗೊಂದು ಗರಿ ಬಿಡುತ್ತದೆ. ಔಷಧಿ ಕಟ್ಟಿದ ಮರಗಳಲ್ಲಿ ಹಳೆಯ ಸುಟ್ಟ ಗರಿಗಳ ಮೇಲೆ ಹೊಸ ಹಸಿರು ಗರಿಗಳು ಬಂದಿದ್ದವು. ಅದು ಸರಿ. ಬಚ್ಚಲ ಮರದ ಪಕ್ಕದ ಮರ ಮಾತ್ರ ಸುಳಿಯ ತನಕ ಸುಟ್ಟಿತ್ತು. ರಂಗಸ್ವಾಮಿಯ ಮಾವನ ಹಾಗೆ ಕುಡಿದ ಮರ ಅದು. ಅದರ ಪಕ್ಕದಲ್ಲಿ, ಔಷಧಿಯನ್ನೇ ಕಾಣದ ಬಚ್ಚಲ ಮರ ಒಂದು ಹುಳುವಿನ ಗುರುತೂ ಇಲ್ಲದೆ ಹಸಿರಾಗಿ ನಿಂತಿತ್ತು.

ಎಷ್ಟು ಹೊತ್ತು ನೋಡುತ್ತ ನಿಂತೆನೋ. ಆಮೇಲೆ ಸೋಗೆಯನ್ನು ಕೆಳಗಿಟ್ಟು ಶಿವಕುಮಾರನನ್ನು ಕೂಗಿದೆ. "ಗುದ್ದಲಿ ತಗೊಂಡು ಬಾ. ಮಂಡಿಗೆ ಆಮೇಲೆ ಹೋಗುವೆಯಂತೆ."

ರಂಗಸ್ವಾಮಿ ಅಗೆದಿದ್ದ ಜಾಗ ಇನ್ನೂ ಸ್ವಲ್ಪ ತಗ್ಗಾಗಿತ್ತು. ಶಿವಕುಮಾರ ನಿಧಾನವಾಗಿ ಅಗೆದ. ಒಂದಡಿ ಆಳದಲ್ಲಿ ಪ್ಲಾಸ್ಟಿಕ್ ಚೀಲ ಸಿಕ್ಕಿತು. ದಾರ ಹಾಗೆಯೇ ಬಿಗಿದಿತ್ತು. ಅದರೊಳಗೆ ಬೇರಿನ ತುದಿ ಕಪ್ಪಾಗಿ ಒಣಗಿತ್ತು. ಗುದ್ದಲಿ ಬಿಡು, ಕೈಯಲ್ಲಿ ಬಿಡಿಸು ಎಂದೆ. ಅವನು ಮಂಡಿಯೂರಿ ಆ ಬೇರನ್ನೇ ಹಿಡಿದು ಮಣ್ಣು ಸರಿಸುತ್ತ ಹೋದ. ಬೇರು ಬುಡದ ಕಡೆಗೆ ತಿರುಗಬೇಕಿತ್ತು. ತಿರುಗಲಿಲ್ಲ. ಮರದ ಪಕ್ಕದಲ್ಲೇ ಹಾದು, ಒಂದು ಕಲ್ಲನ್ನು ಬಳಸಿ, ಬಚ್ಚಲ ಮೋರಿಯ ಅಡಿಯಿಂದ ನುಸುಳಿ ಬಚ್ಚಲ ಮರದ ಬುಡವನ್ನು ಸೇರಿತ್ತು.

ಶಿವಕುಮಾರ ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟ. "ದೊಡ್ಡತ್ತೆ, ಆಸ್ಪತ್ರೇಲಿ ನಾನೇ ಕುಡಿಸ್ದೆ," ಎಂದ. ಮತ್ತೆ ಅದನ್ನೇ ಹೇಳಿದ.

ರಂಗಸ್ವಾಮಿಯನ್ನು ಕರೆಸಿದೆವು. ಅವನು ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಬೇರನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ಸವರಿ ನೋಡಿದ. "ಮಣ್ಣೊಳಗೆ ಬೇರಿನ ಮೇಲೆ ಹೆಸ್ರು ಬರ್ದಿರ್ತದಾ ಅಕ್ಕ? ಈ ಮರದ ಬುಡದಲ್ಲಿ ಸಿಕ್ತು, ಈ ಮರದ್ದೇ ಅಂತ ಕಟ್ದೆ. ಊರೆಲ್ಲ ಹಿಂಗೇ ಕಟ್ಟೀವ್ನಿ," ಎಂದ. ಊರೆಲ್ಲ ಎಂಬ ಮಾತನ್ನು ಆಡಿದ ಮೇಲೆ ಅವನಿಗೇ ಅದು ಕೇಳಿಸಿತೆಂದು ಕಾಣುತ್ತದೆ. ಎದ್ದು ಹೋಗಿ ಮೋರಿಯ ಕಲ್ಲಿನ ಮೇಲೆ ಕುಳಿತ.

ಇಷ್ಟರಿಂದ ಎಲ್ಲ ಸಾಬೀತಾಯಿತೇ ಎಂದರೆ ಇಲ್ಲ. ಬೇರಿನಿಂದ ಎಳನೀರಿಗೆ ಎಷ್ಟು ಇಳಿಯಿತು, ಜ್ವರದ ಮೈಗೆ ಎಷ್ಟು ಸಾಕಾಯಿತು ಎಂದು ಪರೀಕ್ಷಿಸಿ ನೋಡಲು ಆ ಗೊನೆಯ ಒಂದು ಬುರುಡೆಯೂ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ವಿಚಾರಿಸಿದರೆ, ಬರೆದದ್ದನ್ನು ತಿದ್ದಲು ಬರುವುದಿಲ್ಲ ಎಂದರು. ಆದರೆ ನನಗೆ ಅವಳ ಮೊದಲ ಉತ್ತರ ನೆನಪಿತ್ತು. ಏನು ಕುಡಿದೆ ಎಂದು ಕೇಳಿದ್ದಕ್ಕೆ ಅವಳು ಸರಿಯಾಗಿಯೇ ಹೇಳಿದ್ದಳು.

ಮಾರನೆಯ ಬೆಳಗ್ಗೆ ಎಂಟರ ಬಸ್ಸಿಗೆ ನಾನು, ಶಿವಕುಮಾರ ಹೊರಟೆವು. ತಿಪಟೂರು, ತುರುವೇಕೆರೆ, ಅಲ್ಲಿಂದ ಮಾಯಸಂದ್ರ. ಬೇರಿನ ತುಂಡು, ಅದಕ್ಕೆ ಕಟ್ಟಿದ ಚೀಲ ಎರಡನ್ನೂ ಕಾಗದದಲ್ಲಿ ಸುತ್ತಿ ಅವನು ತೊಡೆಯ ಮೇಲಿಟ್ಟುಕೊಂಡಿದ್ದ.

ಮಮತಾ ಅಂಗಡಿಯ ಹಿಂದಿನ ನಡುಮನೆಯಲ್ಲಿ ಬಾಡಿಗೆಯ ಯಂತ್ರದ ಮುಂದೆ ಕುಳಿತು ರವಿಕೆ ಹೊಲಿಯುತ್ತಿದ್ದಳು. ಸಿದ್ಧಲಿಂಗಪ್ಪ ನಮ್ಮನ್ನು ಕುಳಿತುಕೊಳ್ಳಿ ಎನ್ನಲಿಲ್ಲ. ನಾನು ನಿಂತುಕೊಂಡೇ ನಡೆದದ್ದನ್ನು ಮೊದಲಿನಿಂದ ಹೇಳಿದೆ. ಶಿವಕುಮಾರ ಕಾಗದ ಬಿಚ್ಚಿ ನೆಲದ ಮೇಲಿಟ್ಟ. ಸಿದ್ಧಲಿಂಗಪ್ಪ ಅದನ್ನು ನೋಡಿದರು, ಮಗಳನ್ನು ನೋಡಿದರು, ಗೋಡೆಗೆ ಒರಗಿಕೊಂಡರು. "ಹಂಗಾದ್ರೆ ನನ್ನ ಮಗಳು ಹೇಳಿದ್ದು ನಿಜವಾ?" ಎಂದರು.

ಮಮತಾ ಯಂತ್ರದ ಗಾಲಿಗೆ ಕೈ ಒತ್ತಿ ನಿಲ್ಲಿಸಿದಳು. ಬೇರನ್ನು ಮುಟ್ಟಲಿಲ್ಲ.

"ಬೇರು ಕಿತ್ಕೊಂಡು ಬಂದ್ಮೇಲೆ ನಿಜ ಆಯ್ತಾ ಅಪ್ಪಾಜಿ? ನಾನು ಬಾಯ್ಬಿಟ್ಟು ಹೇಳಿದ್ನಲ್ಲ. ಮೂಗಲ್ಲಿ ನಳಿಕೆ ಇಟ್ಕೊಂಡೇ ಹೇಳಿದ್ದೆ."

"ಮಮತಾ, ತಪ್ಪಾಯ್ತು ಕಣೇ," ಎಂದ ಶಿವಕುಮಾರ. "ಗೊತ್ತಾಗ್ಲಿಲ್ಲ. ಮನೆಗೆ ಬಾ."

"ಎಳ್ನೀರು ಕುಡಿಸಿದ್ದು ತಪ್ಪಲ್ಲ. ಅದು ನಿಮ್ಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ನನ್ನ ಬ್ಯಾಗು ಸುರಿದ್ರಲ್ಲ, ಅದು ಗೊತ್ತಿದ್ದೇ ಮಾಡಿದ್ದು." ರವಿಕೆಯ ಬಟ್ಟೆ ಸರಿಮಾಡುತ್ತ ಹೇಳಿದಳು, "ನಾಳೆ ನಂಗೆ ಹೊಟ್ಟೆನೋವು ಬಂದ್ರೂ ನೀವು ಮೊದಲು ಕೊಟ್ಟಿಗೆಗೆ ಹೋಗಿ ಡಬ್ಬ ನೋಡ್ತೀರಿ. ಬರಲ್ಲ ಕಣ್ರೀ."

ನಿನಗೆ ನಮ್ಮಿಂದ ಏನಾಗಬೇಕು ಹೇಳು, ಕೈಲಾದರೆ ಮಾಡುತ್ತೇನೆ ಎಂದು ನಾನು ಕೇಳಿದೆ.

"ಕುಡ್ಕೊಂಡ್ಲು ಅಂತ ನಿಮ್ಮ ಬೀದಿಯಲ್ಲಿ ಆಡ್ಕೊಂಡ್ರಲ್ಲ ದೊಡ್ಡತ್ತೆ, ಅಷ್ಟೂ ಮನೆಗೆ ಹೋಗಿ ಕುಡಿದಿಲ್ಲ ಅಂತ ಹೇಳಿ. ಅಷ್ಟು ಸಾಕು," ಎಂದಳು. ಮತ್ತೆ ಪೆಡಲಿನ ಮೇಲೆ ಕಾಲಿಟ್ಟಳು.

ಊರಿಗೆ ಬಂದಾಗ ಸಂಜೆ ಐದು. ಶಿವಕುಮಾರ ಮನೆಯೊಳಗೆ ಹೋದ. ನಾನು ಕಾಗದದ ಪೊಟ್ಟಣ ಹಿಡಿದು, ಕೈಕಾಲು ತೊಳೆಯದೆ, ಬೀದಿಯ ಎಡಗಡೆಯಿಂದ ಶುರು ಮಾಡಿದೆ. ಪ್ರತಿ ಮನೆಯಲ್ಲೂ ಅದೇ ಮಾತು: ಬೇರು ಇದು, ಚೀಲ ಇದು, ಹುಡುಗಿ ಕುಡಿದಿಲ್ಲ, ಎಳನೀರಿನಲ್ಲಿ ಹೋಗಿದೆ. ಕೆಲವರು ಬೇರನ್ನು ಕೈಗೆ ತೆಗೆದುಕೊಂಡು ನೋಡಿದರು. ಒಬ್ಬರು, ಅಯ್ಯೋ ಪಾಪ ಎಂದರು. ಇನ್ನೊಬ್ಬರು ತಮ್ಮ ಹಿತ್ತಿಲಿನ ಮರಗಳ ಕಡೆ ನೋಡಿ ಮಾತು ನಿಲ್ಲಿಸಿದರು. ಒಂದು ಮನೆಯಿಂದ ಮೆಟ್ಟಿಲಿಳಿಯುವಾಗ, "ಮನೆ ಮಾನ ಉಳಿಸ್ಕೊಳ್ಳಕೆ ನರ್ಸಮ್ಮ ಬೇರು ಹಿಡ್ಕೊಂಡು ಬಂದವ್ರೆ," ಎಂಬುದು ಬೆನ್ನ ಹಿಂದೆ ಕೇಳಿಸಿತು. ತಿರುಗಿ ಹೋಗಿ ಅವರಿಗೆ ಇನ್ನೊಂದು ಸಲ ಹೇಳಿದೆ. ಎಡಗಡೆ ಮುಗಿಸಿ ಬಲಗಡೆಗೆ ದಾಟಿದೆ.

ಕೊನೆಗೆ ಪುಟ್ಟತಾಯಮ್ಮನ ಮನೆ. ಅವಳು ಹೊಸ್ತಿಲಿಗೆ ದೀಪ ಹಚ್ಚುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಬೇರನ್ನು ದೀಪದ ಹತ್ತಿರ ಹಿಡಿದು ನೋಡಿದಳು.

"ಸದ್ಯ, ಮರದ್ದು ಅಂತ ಆಯ್ತಲ್ಲ ಬುಡಿ ನರ್ಸಮ್ಮ. ನಿಮ್ಮ ಮನೆ ಹೆಸ್ರು ಉಳೀತು. ಹಂಗಾರೆ ಯಾವಾಗ ಬತ್ತಾಳೆ ಸೊಸೆ?"

"ಬರುವುದಿಲ್ಲ."

ಪುಟ್ಟತಾಯಮ್ಮ ಬೇರನ್ನು ನನ್ನ ಕೈಗೆ ವಾಪಸು ಕೊಟ್ಟಳು. "ನೋಡಿ ಮತ್ತೆ! ಏನೂ ಇಲ್ದೆ ಬರ್ದೆ ಇರ್ತಾಳಾ?" ಎಂದಳು.

ನಾನು ಹೊಸ್ತಿಲ ಹೊರಗೆ ನಿಂತುಕೊಂಡೇ ಎಲ್ಲವನ್ನೂ ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಹೇಳಿ ಮುಗಿಸಿ ಚಪ್ಪಲಿ ಮೆಟ್ಟಿಕೊಂಡೆ. ಆ ಬೀದಿಯಲ್ಲಿ ಅದು ಕೊನೆಯ ಮನೆ.